ಮರಳುನಾಡಿನ ಪಟ್ಟಿಮೀಮಾಂಸೆ

ಶಾಸ್ತ್ರ ಬರೆಯಲು ಕೂತವನು ಆರಂಭದಲ್ಲೇ ನಾಲ್ಕು ಮಾತು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ: ವಿಷಯವೇನು, ಪ್ರಯೋಜನವೇನು, ಅವೆರಡಕ್ಕೂ ಸಂಬಂಧವೇನು, ಓದಲು ಅಧಿಕಾರಿ ಯಾರು. ವಿಷಯ: ಯುಎಇಯಲ್ಲಿ ನೆಲೆಸಿದ ಕನ್ನಡಿಗರು ಒಬ್ಬರಿಗೊಬ್ಬರು ದಾಟಿಸುವ ‘ನೋಡಲೇಬೇಕಾದ ಸಿನಿಮಾ’ಗಳ ಪಟ್ಟಿ. ಪ್ರಯೋಜನ: ಏನೂ ಇಲ್ಲ. ಆದ್ದರಿಂದ ಸಂಬಂಧದ ಪ್ರಶ್ನೆ ಏಳುವುದಿಲ್ಲ. ಅಧಿಕಾರಿ: ದುಬೈ, ಶಾರ್ಜಾ, ಅಬುಧಾಬಿಗಳಲ್ಲಿ ಎಲ್ಲಾದರೂ ಬಾಡಿಗೆ ಏರಿಸಿದ ಪತ್ರ ಪಡೆದವನು, ಮತ್ತು ಯಾವುದಾದರೂ ಕನ್ನಡ ವಾಟ್ಸಾಪ್ ಗುಂಪಿನಿಂದ ಸಿಟ್ಟಾಗಿ ಹೊರಬಿದ್ದು ವಾರದೊಳಗೆ ಮರಳಿ ಸೇರಿದವನು. ಇವೆರಡೂ ಆಗದವರು ಓದಿದರೆ ದೋಷವಿಲ್ಲ, ಫಲ ಮಾತ್ರ ಅರ್ಧ.

ಆಕರಗಳು ಎರಡು ಬಗೆ. ಟೈಪು ಮಾಡಿ ಕಳಿಸಿದ್ದು ಸ್ಮೃತಿ, ವಾಯ್ಸ್ ಮೆಸೇಜಿನಲ್ಲಿ ಬಂದದ್ದು ಶ್ರುತಿ. ಈ ದೇಶದಲ್ಲಿ ವಾಟ್ಸಾಪ್ ಕರೆ ಸಾಮಾನ್ಯವಾಗಿ ಹೋಗುವುದಿಲ್ಲ. ಹಾಗಾಗಿ ಶ್ರುತಿ ಪರಂಪರೆ ಇಲ್ಲಿ ಬೆಳೆದಷ್ಟು ಹುಲುಸಾಗಿ ಬೆಂಗಳೂರಿನಲ್ಲೂ ಬೆಳೆದಿಲ್ಲ. ಒಂದು ಮಾದರಿ: ಅಲ್ ನಹ್ದಾದ ಲೆಕ್ಕಿಗರೊಬ್ಬರು ಶಾರ್ಜಾ ರಸ್ತೆಯ ಸಂಜೆಯ ಜಾಮಿನಲ್ಲಿ ಸಿಕ್ಕಿಬಿದ್ದಾಗ ಹೊರಡಿಸಿದ ಶ್ರುತಿ. “ಮಾರಾಯ, ಗರುಡ ಗಮನ ವೃಷಭ ವಾಹನ ನೋಡಿದ್ದಿಯಾ? ಕತೆ ಹೇಳುದಿಲ್ಲ ನಾನು” ಎಂದು ಮಂಗಳಾಚರಣೆ. ಆಮೇಲೆ ಕತೆ. ನಡುವೆ ಒಂದು ಹಾರ್ನ್, ಲೇನ್ ತಪ್ಪಿಸಿದವನ ಕುಲಗೋತ್ರದ ವಿಚಾರಣೆ, ಮತ್ತೆ ಕತೆ. “ಕ್ಲೈಮ್ಯಾಕ್ಸ್ ಹೇಳಿದ್ರೆ ಮಜಾ ಇಲ್ಲ” ಎನ್ನುತ್ತ ಕ್ಲೈಮ್ಯಾಕ್ಸ್. ಕೊನೆಗೆ “ನೋಡು ಮಾರಾಯ, ನೋಡ್ಲೇಬೇಕು”. ಕೇಳಿಸಿಕೊಂಡವನಿಗೆ ಇನ್ನು ನೋಡುವ ಅಗತ್ಯವಿಲ್ಲ. ಅವನು ಅದನ್ನು ‘ನೋಡಿದ ಚಿತ್ರ’ಗಳ ಕೆಳಗೆ ಬರೆದುಕೊಂಡು ಮುಂದಿನವನಿಗೆ ದಾಟಿಸುತ್ತಾನೆ. ವೇದಗಳು ಉಳಿದದ್ದೂ ಹೀಗೆಯೇ ಎಂಬುದನ್ನು ಮರೆಯಬಾರದು.

ಇನ್ನು ಕಾಲನಿರ್ಣಯ. ಸಾಹಿತ್ಯ ಚರಿತ್ರೆಕಾರರು ಪಂಪಯುಗ, ಬಸವಯುಗ, ಕುಮಾರವ್ಯಾಸಯುಗ ಎಂದು ಭಾಗ ಮಾಡಿದ್ದಾರೆ. ಇಲ್ಲಿನ ಪಟ್ಟಿಗಳಿಗೆ ಕವಿಗಳಿಗಿಂತ ವಾರದ ರಜೆಯೇ ಗಟ್ಟಿ ಆಧಾರ. ತೀರಾ ಹಳೆಯದು ಕ್ಯಾಸೆಟ್ ಯುಗ. ಆಗ ಬರ್ ದುಬೈಯ ಪ್ಲಾಜಾ, ಅಬುಧಾಬಿಯ ಎಲ್ಡೊರಾಡೊ ಟಾಕೀಸುಗಳ ಎದುರು ಹಿಂದಿ, ಮಲಯಾಳಂ ಚಿತ್ರಗಳಿಗೆ ಸಾಲು. ಕನ್ನಡ ಸಿನಿಮಾ ಊರಿಂದ ಬಂದವರ ಪೆಟ್ಟಿಗೆಯಲ್ಲಿ, ಉಪ್ಪಿನಕಾಯಿ ಡಬ್ಬಿಯ ಪಕ್ಕ ಬರಬೇಕಿತ್ತು. ಪಟ್ಟಿ ಆಗ ಒಂದೇ ಸಾಲಿನದು: ಸಿಕ್ಕಿದ್ದೇ ನೋಡಲೇಬೇಕಾದದ್ದು. ನಂತರ ಗುರುವಾರ–ಶುಕ್ರವಾರ ಯುಗ. 2006ರ ಸೆಪ್ಟೆಂಬರಿನಲ್ಲಿ ಸರ್ಕಾರಿ ರಜೆ ಶುಕ್ರವಾರ–ಶನಿವಾರಕ್ಕೆ ಸರಿಯಿತು. 2022ರ ಜನವರಿ 1ರಿಂದ ಶುಕ್ರವಾರ ಅರ್ಧ ದಿನ ಕೆಲಸ, ಶನಿವಾರ–ಭಾನುವಾರ ರಜೆ.

ಇಲ್ಲಿ ಪಂಡಿತರ ಕಣ್ಣಿಗೆ ಬೀಳದ ಒಂದು ಸಂಗತಿ ಇದೆ. ಸೆಪ್ಟೆಂಬರ್ 2006ರಲ್ಲಿ ರಜೆ ಸರಿಯಿತು. ಡಿಸೆಂಬರಿನಲ್ಲಿ ‘ಮುಂಗಾರು ಮಳೆ’ ಬಂತು. 2022ರ ಜನವರಿಯಲ್ಲಿ ಮತ್ತೆ ಸರಿಯಿತು. ಏಪ್ರಿಲಿನಲ್ಲಿ ‘ಕೆಜಿಎಫ್’ ಎರಡನೆಯ ಭಾಗ, ಜೂನಿನಲ್ಲಿ ‘777 ಚಾರ್ಲಿ’, ಸೆಪ್ಟೆಂಬರ್ ಕೊನೆಗೆ ‘ಕಾಂತಾರ’. ಅಬುಧಾಬಿ ವಾರಾಂತ್ಯ ಬದಲಿಸಿದಾಗಲೆಲ್ಲ ಗಾಂಧಿನಗರದ ಗಲ್ಲಾಪೆಟ್ಟಿಗೆ ತುಂಬುತ್ತದೆ. ಕಾಕತಾಳೀಯ ಎನ್ನುವವರು ಎನ್ನಲಿ. ಕಾಗೆ ಎರಡು ಸಲ ಕೂತು ಎರಡು ಸಲವೂ ಹಣ್ಣು ಬಿದ್ದರೆ ತೋಟದವನು ಕಾಗೆಯನ್ನೇ ಸಾಕಿಕೊಳ್ಳುತ್ತಾನೆ. ಬಂಡವಾಳ ಮುಳುಗಿಸಿಕೊಂಡ ನಿರ್ಮಾಪಕರು ಸಬ್ಸಿಡಿಗೆಂದು ವಿಧಾನಸೌಧ ಅಲೆಯುವ ಬದಲು, ರಜೆಯನ್ನು ಮಂಗಳವಾರಕ್ಕೆ ಹಾಕಿಕೊಡಿರೆಂದು ಈ ಸರ್ಕಾರಕ್ಕೆ ಅರ್ಜಿ ಹಾಕುವುದು ಶಾಸ್ತ್ರಸಮ್ಮತ.

ಪಟ್ಟಿಗಳನ್ನು ಗ್ರಂಥಸಂಪಾದನೆಯ ಕ್ರಮದಲ್ಲಿ ಎದುರುಬದುರು ಇಟ್ಟು ನೋಡಿದರೆ ಎರಡು ಪಾಠಗಳು ಎದ್ದು ಕಾಣುತ್ತವೆ. ದುಬೈ ಪಾಠವು 1995ರ ‘ಓಂ’ನಿಂದ ಹೊರಟು, ‘ಉಪೇಂದ್ರ’, ‘ಲೂಸಿಯಾ’, ‘ಉಳಿದವರು ಕಂಡಂತೆ’ಗಳನ್ನು ಹಾದು, ಕೋಲಾರದ ಗಣಿಯಲ್ಲಿ ಮುಗಿಯುತ್ತದೆ. ಅಬುಧಾಬಿ ಪಾಠ 1970ರ ‘ಸಂಸ್ಕಾರ’ದಿಂದ ಆರಂಭವಾಗಿ ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’ ಎಂದು ನಿಧಾನವಾಗಿ ನಡೆದು ‘ತಿಥಿ’ಯಲ್ಲಿ ನಿಲ್ಲುತ್ತದೆ. ಭೇದಕ್ಕೆ ಕಾರಣ ಅಭಿರುಚಿ ಎಂದು ಅಬುಧಾಬಿಯವರು ಹೇಳಿಕೊಳ್ಳುತ್ತಾರೆ. ನಿಜವಾದ ಕಾರಣ ಬಸ್ಸು. ಅಲ್ ಗುಬೈಬಾದಿಂದ ಹೊರಡುವ ಇ100 ಸುಮಾರು 140 ಕಿಲೋಮೀಟರ್ ದಾಟಿ ಅಬುಧಾಬಿ ಮುಟ್ಟಲು ಹೆಚ್ಚುಕಡಿಮೆ ಎರಡು ಗಂಟೆ ಬೇಕು. 168 ನಿಮಿಷದ ‘ಕೆಜಿಎಫ್ 2’ ಅದರಲ್ಲಿ ಹಿಡಿಸುವುದಿಲ್ಲ. ರಾಕಿ ಇನ್ನೂ ಲೆಕ್ಕ ತೀರಿಸುತ್ತಿರುವಾಗಲೇ ಡ್ರೈವರ್ ಬಾಗಿಲು ತೆರೆದುಬಿಡುತ್ತಾನೆ. ‘ತಿಥಿ’ಯಾದರೆ ಬಸ್ಸು ನಿಲ್ದಾಣಕ್ಕೆ ಬರುವುದಕ್ಕೂ ಸೆಂಚುರಿ ಗೌಡರ ಹನ್ನೊಂದನೆಯ ದಿನದ ಕಾರ್ಯ ಮುಗಿಯುವುದಕ್ಕೂ ಸರಿಹೋಗುತ್ತದೆ. ದುಬೈಯವರೂ ಅದೇ ಬಸ್ಸಿನಲ್ಲಿ ಮರಳುತ್ತಾರಲ್ಲ ಎಂಬುದು ಪೂರ್ವಪಕ್ಷ. ಅವರು ನಿದ್ದೆ ಮಾಡುತ್ತಾರೆ ಎಂಬುದು ಸಿದ್ಧಾಂತ.

ಪ್ರಕ್ಷಿಪ್ತಗಳ ಬಗ್ಗೆ ಎಚ್ಚರವಿರಲಿ. ಯಾರ ಭಾವಮೈದುನನೋ ದುಡ್ಡು ಹಾಕಿದ ಚಿತ್ರವೊಂದು ಪಟ್ಟಿಯ ಏಳನೆಯ ಸ್ಥಾನದಲ್ಲಿ ತಟ್ಟನೆ ಕಾಣಿಸಿಕೊಂಡರೆ ಅದು ನಂತರದ ಸೇರ್ಪಡೆ. ಏಳನೆಯದೇ ಏಕೆ ಎಂದರೆ, ಮೊದಲ ಐದನ್ನು ಎಲ್ಲರೂ ಓದುತ್ತಾರೆ, ಹತ್ತನೆಯದನ್ನೂ ಓದುತ್ತಾರೆ. ಕಳ್ಳ ನುಗ್ಗುವುದು ನಡುವಿನ ಕತ್ತಲಲ್ಲಿ. ಇದಕ್ಕಿಂತ ಸೂಕ್ಷ್ಮವಾದದ್ದು ‘ನೋಡಿದ್ದೇನೆ’ ಎಂಬ ಕ್ರಿಯಾಪದದ ವ್ಯಾಪ್ತಿ. ಸಂಘದವರು ಮುಂಗಡ ಟಿಕೆಟ್ ಹಿಡಿದ ಮಾಲ್‌ನಲ್ಲಿ ಕುಟುಂಬಸಮೇತ ಕೂತು ನೋಡಿದ್ದೂ ನೋಡಿದ್ದೇ. ಉದಯ ಟಿವಿಯಲ್ಲಿ ಜಾಹೀರಾತುಗಳ ನಡುವೆ ಹೆಕ್ಕಿ ನೋಡಿದ್ದೂ. ರೀಲ್ಸಿನಲ್ಲಿ ತುಂಡುತುಂಡಾಗಿ ನೋಡಿದ್ದೂ. ಹೆಂಡತಿ ನೋಡುತ್ತಿದ್ದಾಗ ಅಡುಗೆಮನೆಯಿಂದ ಡೈಲಾಗ್ ಕೇಳಿಸಿಕೊಂಡದ್ದೂ. ‘ಸಂಸ್ಕಾರ’ವನ್ನು ಅಬುಧಾಬಿಯಲ್ಲಿ ಎಲ್ಲರೂ ನೋಡಿದ್ದಾರೆ. ಸೆನ್ಸಾರಿನವರು ಅದನ್ನು ಮೊದಲು ತಡೆದದ್ದು, ಆಮೇಲೆ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂದದ್ದು ಎಲ್ಲರಿಗೂ ಬಾಯಿಪಾಠ. ಪ್ರಾಣೇಶಾಚಾರ್ಯರು ಕೊನೆಗೆ ಏನು ಮಾಡಿದರು ಎಂದು ಕೇಳಿದರೆ ಮಾತ್ರ ಎಲ್ಲರಿಗೂ ಏಕಕಾಲಕ್ಕೆ ಫೋನ್ ಬರುತ್ತದೆ.

ವಿಷಯಾಧಾರಿತ ಪಟ್ಟಿಗಳಲ್ಲಿ ಅತ್ಯಂತ ಪ್ರಾಚೀನವಾದದ್ದು ಮಳೆ ಪಟ್ಟಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಇಲ್ಲಿ ಬಯಲ ಬಿಸಿಲಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಕೆಲಸ ಮಾಡಿಸುವಂತಿಲ್ಲ ಎಂಬ ನಿಯಮವಿದೆ. ಹೆಂಡತಿ ಮಕ್ಕಳು ಶಾಲೆಯ ರಜೆಗೆ ಊರಿಗೆ ಹೋಗಿರುತ್ತಾರೆ. ಊರಲ್ಲಿ ಮಳೆ. ಫೋನಿನಲ್ಲಿ ಹಂಚಿನ ಮೇಲಿನ ಮಳೆ ಸದ್ದನ್ನೇ ಒಂದು ನಿಮಿಷ ರೆಕಾರ್ಡು ಮಾಡಿ ಕಳಿಸುವ ಕ್ರೂರ ಬಂಧುಗಳೂ ಇದ್ದಾರೆ. ಇಂಥ ಹೊತ್ತಲ್ಲಿ ಕರಾಮದ ಒಂಟಿ ಗಂಡಸು ಎಸಿಯನ್ನು ಹದಿನೆಂಟಕ್ಕೆ ಇಳಿಸಿ, ಹೊದ್ದುಕೊಂಡು, ‘ಮುಂಗಾರು ಮಳೆ’ ಹಾಕುತ್ತಾನೆ. ಗಣೇಶ, ಮೊಲ, ಪ್ರೇಮ ಯಾವುದೂ ಅವನಿಗೆ ಬೇಡ. ಅವನು ನೋಡುವುದು ಹಿಂದೆ ಸುರಿಯುವ ನೀರನ್ನು. ಈ ಪಟ್ಟಿ 2024ರ ಏಪ್ರಿಲ್ 16ರ ತನಕ ನಿರ್ವಿವಾದವಾಗಿತ್ತು. ಆ ದಿನ 75 ವರ್ಷಗಳಲ್ಲೇ ಕಾಣದ ಮಳೆ ಸುರಿದು, ಅಲ್ ಐನ್ ಕಡೆಯ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಯೂ ತುಂಬುವ ಮೊದಲೇ 254.8 ಮಿಲಿಮೀಟರ್ ದಾಖಲಾಯಿತು. ದುಬೈ ವಿಮಾನ ನಿಲ್ದಾಣದ ರನ್‌ವೇ ಮೇಲೆ ನೀರು ನಿಂತಿತು, ಹೆದ್ದಾರಿಗಳಲ್ಲಿ ಕಾರುಗಳು ತೇಲಿದವು. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ತನ್ನ ಕಾರು ಚಾವಣಿ ಮಾತ್ರ ತೋರಿಸುತ್ತಿದ್ದುದನ್ನು ಕಂಡ ಕನ್ನಡಿಗರೊಬ್ಬರು ಅಂದೇ ಪಟ್ಟಿಯನ್ನು ಪರಿಷ್ಕರಿಸಿದರು: ‘ಮುಂಗಾರು ಮಳೆ’ಯನ್ನು ಪ್ರಣಯದಿಂದ ತೆಗೆದು ‘ಟೈಟಾನಿಕ್’ ಜೊತೆಗೆ ಹಾಕಿದರು.

ಉಳಿದ ಪಟ್ಟಿಗಳನ್ನು ಬೇಗ ಮುಗಿಸೋಣ. ಬೆಡ್‌ಸ್ಪೇಸ್‌ನ ಮೇಲಿನ ಮಂಚದವನಿಗೆ, ಅದರಲ್ಲೂ ಮದುವೆಯಾಗಿ ತಿಂಗಳಾಗುವ ಮೊದಲೇ ವಿಮಾನ ಹತ್ತಿದವನಿಗೆ, ‘ಬೆಳದಿಂಗಳ ಬಾಲೆ’: ಫೋನಿನ ದನಿಯನ್ನಷ್ಟೇ ನಂಬಿ ಪ್ರೀತಿ ಮಾಡಬಹುದೆಂಬುದಕ್ಕೆ 1995ರಲ್ಲೇ ಸುನಿಲ್ ಕುಮಾರ್ ದೇಸಾಯಿ ಕೊಟ್ಟ ಪ್ರಮಾಣ. ಪದವಿ ಪತ್ರಕ್ಕೆ ರಾಜ್ಯ ಸರ್ಕಾರದ್ದೊಂದು, ದೆಹಲಿಯದೊಂದು, ರಾಯಭಾರ ಕಚೇರಿಯದೊಂದು ಮುದ್ರೆ ಹಾಕಿಸಲು ಓಡಾಡುತ್ತಿರುವವರಿಗೆ ‘ತಬರನ ಕಥೆ’. ಇದನ್ನು ಮುದ್ರೆ ಬಿದ್ದ ಮೇಲೆಯೇ ನೋಡತಕ್ಕದ್ದು. ಮೊದಲೇ ನೋಡಿದವರು ಅರ್ಧದಲ್ಲೇ ಕೈಬಿಟ್ಟ ನಿದರ್ಶನಗಳಿವೆ. ಬಾಡಿಗೆ ಕರಾರು ಮುಗಿದು ಮನೆ ಹುಡುಕುವವರಿಗೆ ‘ಗಣೇಶನ ಮದುವೆ’. ಆ ವಠಾರ ನೋಡಿದ ಮೇಲೆ ಶಾರ್ಜಾದ ಬಾಡಿಗೆ ಅಷ್ಟೊಂದು ಹೆಚ್ಚೆನಿಸುವುದಿಲ್ಲ.

ತುಳು ಚಿತ್ರಗಳನ್ನು ಏನು ಮಾಡಬೇಕೆಂಬುದು ಈ ಶಾಸ್ತ್ರದ ದೊಡ್ಡ ತಲೆನೋವು. ಮಧ್ಯಂತರದಲ್ಲಿ ಪಾಪ್‌ಕಾರ್ನ್ ಸಾಲಿನಲ್ಲಿ ನಿಂತು ಕಿವಿಗೊಟ್ಟರೆ ಕನ್ನಡ ಸಿನಿಮಾದ ವಿಮರ್ಶೆ ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ನಡೆದಿರುತ್ತದೆ. ಅವರಿಗೆ 1971ರ ‘ಎನ್ನ ತಂಗಡಿ’ಯಿಂದ ‘ಚಾಲಿಪೋಲಿಲು’ವಿನ ತನಕ ಬೇರೆಯೇ ವಂಶಾವಳಿ ಇದೆ, 2011ರ ಶ್ರೇಷ್ಠ ಚಿತ್ರದ ರಾಷ್ಟ್ರಪ್ರಶಸ್ತಿ ಹಂಚಿಕೊಂಡ ‘ಬ್ಯಾರಿ’ಯೂ ಇದೆ. ಈ ಚಿತ್ರಗಳನ್ನು ಕನ್ನಡ ಪಟ್ಟಿಗೆ ಸೇರಿಸಿದರೆ ಅತಿಕ್ರಮಣ, ಬಿಟ್ಟರೆ ಅವಮಾನ. ಪಕ್ಕದಲ್ಲೊಂದು ಅಂಕಣ ಎಳೆದು ಸದ್ಯಕ್ಕೆ ಶಾಂತಿ ಕಾಪಾಡಲಾಗಿದೆ.

ಈಗ ಕಡೆಯ ಕಪಾಟಿಗೆ ಬರೋಣ, ಅದು ಖಾಲಿ. ಪಕ್ಕದ ಮಲಯಾಳಿ ಸಹೋದ್ಯೋಗಿಯ ಪಟ್ಟಿಯಲ್ಲಿ ‘ಗಲ್ಫ್’ ಎಂಬ ಪ್ರತ್ಯೇಕ ಖಾನೆಯೇ ಉಂಟು. ಎಂ.ಟಿ. ವಾಸುದೇವನ್ ನಾಯರ್ ಬರೆದ ‘ವಿಲ್ಕಾನುಂಡು ಸ್ವಪ್ನಂಗಳ್’ 1980ರಷ್ಟು ಹಿಂದಿನದು. ಆಮೇಲೆ ‘ಅರಬಿಕಥ’, ‘ಪತ್ತೇಮಾರಿ’, ಮೊನ್ನೆಯ ‘ಆಡುಜೀವಿತಂ’. ಕನ್ನಡ ಚಿತ್ರರಂಗವೇನು ಮನೆಬಿಟ್ಟು ಕದಲದ್ದಲ್ಲ. 1978ರಲ್ಲೇ ರಾಜಾ, ಕುಳ್ಳ ಇಬ್ಬರೂ ಸಿಂಗಾಪುರಕ್ಕೆ ಹೋಗಿದ್ದರು. ಶೀಲಾ ಆಫ್ರಿಕಾ ಕಂಡಳು. ಆಮೇಲೆ ನಾಗತಿಹಳ್ಳಿ ಅಮೆರಿಕಾವನ್ನು ಎರಡು ಸಲ ಕರೆದರು. ದುಬೈಗೂ ನಮ್ಮವರು ಬಂದಿದ್ದಾರೆ, ಬಂದಿಲ್ಲವೆಂದಲ್ಲ: ಸೈಮಾ ಪ್ರಶಸ್ತಿಯ ಮೊದಲ ಸಮಾರಂಭ 2012ರಲ್ಲಿ ನಡೆದದ್ದು ಇಲ್ಲೇ, 2021ರ ಜನವರಿ 31ರಂದು ಸುದೀಪರ ‘ವಿಕ್ರಾಂತ್ ರೋಣ’ 828 ಮೀಟರಿನ ಬುರ್ಜ್ ಖಲೀಫಾದ ಮೈಮೇಲೆ ಬೆಳಗಿತು. ಕೆಳಗೆ ಕತ್ತೆತ್ತಿ ನೋಡುತ್ತ ನಿಂತಿದ್ದ ಕುಂದಾಪುರದ ಸೆಕ್ಯುರಿಟಿಯವನು ಮಾತ್ರ ಇನ್ನೂ ಯಾವ ಪರದೆಯನ್ನೂ ಹತ್ತಿಲ್ಲ. ಪ್ರಶಸ್ತಿ ಹಂಚಲು, ಹಾಡಿಗೆ ಕುಣಿಯಲು ದುಬೈ ಬೇಕು, ಕತೆಗೆ ಬೇಡ. ‘ಪತ್ತೇಮಾರಿ’ಯ ಪಕ್ಕ ಕೂರಿಸುವಂಥ ಕನ್ನಡ ಚಿತ್ರ ನಾವು ಕಂಡ ಯಾವ ಪಟ್ಟಿಯಲ್ಲೂ ಇಲ್ಲ. ‘ದುಬೈ ಬಾಬು’ ಇದೆಯಲ್ಲ ಎಂದು ಒಬ್ಬರು ವಾದಿಸಿದರು. ಅದು ‘ದುಬೈ ಶೀನು’ ಎಂಬ ತೆಲುಗು ಚಿತ್ರದ ರೀಮೇಕು. ಮೂಲದ ಶೀನುವೇ ಏಜೆಂಟನಿಂದ ಟೋಪಿ ಹಾಕಿಸಿಕೊಂಡು ಮುಂಬಯಿಯಲ್ಲೇ ಉಳಿದವನು. ವಾಸ್ತವಕ್ಕೆ ಹತ್ತಿರ ಎಂಬ ಕಾರಣಕ್ಕೆ ಆ ವಾದವನ್ನು ಪೂರ್ತಿ ತಳ್ಳಿಹಾಕಲಾಗದು.

ಖಾಲಿ ಕಪಾಟಿನ ಮುಂದೆ ಜನ ಸುಮ್ಮನೆ ಕೂತಿಲ್ಲ, ಹಳೆಯ ಚಿತ್ರಗಳನ್ನೇ ತಮ್ಮದಾಗಿ ಓದಿಕೊಂಡಿದ್ದಾರೆ. ಇಪ್ಪತ್ತು ಮೂವತ್ತು ವರ್ಷ ಇಲ್ಲೇ ಸವೆಸಿದ ಹಿರಿಯರ ಪಟ್ಟಿಗಳಲ್ಲಿ, ಅದು ದುಬೈ ಪಾಠವಾಗಲಿ ಅಬುಧಾಬಿ ಪಾಠವಾಗಲಿ, 1972ರ ‘ಬಂಗಾರದ ಮನುಷ್ಯ’ ತಪ್ಪುವುದೇ ಇಲ್ಲ. ಅದು ಬೇಸಾಯದ ಸಿನಿಮಾ ಎಂದು ಊರಿನವರ ನಂಬಿಕೆ. ರಾಜೀವ ಅಕ್ಕನ ಸಂಸಾರವನ್ನು ಹೆಗಲಿಗೆ ಹಾಕಿಕೊಂಡ, ಬಂಡೆ ಒಡೆದು ಹೊಲ ಮಾಡಿದ, ಅಳಿಯನನ್ನು ಓದಿಸಿದ. ಓದಿ ಬಂದ ಅಳಿಯ ಲೆಕ್ಕ ಕೇಳಿದ. ಊಟದ ನಡುವೆ ಎದ್ದು ನಡೆದುಹೋದ ಆ ಮನುಷ್ಯನಿಗೆ ಊರಿನ ಪ್ರೇಕ್ಷಕ ಅಳುತ್ತಾನೆ. ತಂಗಿಯರ ಮದುವೆ, ತಮ್ಮನ ಎಂಜಿನಿಯರಿಂಗ್, ಊರಲ್ಲಿ ಎರಡಂತಸ್ತಿನ ಮನೆ ಎಲ್ಲವನ್ನೂ ದಿರ್ಹಮಿನಲ್ಲಿ ಕಟ್ಟಿ, ಆ ಮನೆಯಲ್ಲಿ ವರ್ಷಕ್ಕೊಂದು ತಿಂಗಳು ಅತಿಥಿಯಾಗಿ ಮಲಗುವವನು ಅಳುವುದಿಲ್ಲ. ಆ ದೃಶ್ಯ ಬರುವ ಮೊದಲೇ ಟಿವಿ ಆರಿಸುತ್ತಾನೆ. ‘ಕಸ್ತೂರಿ ನಿವಾಸ’ವನ್ನು ಅವನು ಪಟ್ಟಿಗೆ ಹಾಕುತ್ತಾನೆ, ಆದರೆ ಹಾಕಿ ನೋಡುವುದಿಲ್ಲ. ಇವು ಗಲ್ಫ್ ಚಿತ್ರಗಳಲ್ಲವೆಂದು ಸಾಧಿಸಲು ನಮಗೆ ಈತನಕ ಯಾವ ಪ್ರಮಾಣವೂ ದೊರೆತಿಲ್ಲ.

ಆದರೂ ಕಪಾಟಿನ ಮೇಲೆ ಒಂದು ಹೆಸರು ಬರೆಯಲೇಬೇಕೆಂದು ಗುಂಪಿನಲ್ಲಿ ಚರ್ಚೆ ಎದ್ದಾಗ ಅಲ್ ನಹ್ದಾದ ಲೆಕ್ಕಿಗರು ಹೊಸ ಶ್ರುತಿ ಹೊರಡಿಸಿದರು: “ಮಯೂರ ಹಾಕಿ ಮಾರಾಯ್ರೆ, ಎಪ್ಪತ್ತೈದನೇ ಇಸವಿದ್ದು.” ಕಂಚಿ ಗಲ್ಫಿನಲ್ಲಿಲ್ಲ ಎಂದು ಅಬುಧಾಬಿಯ ಎಂಜಿನಿಯರರು ಆಕ್ಷೇಪಿಸಿದರು. ಲೆಕ್ಕಿಗರು ತಾಳಗುಂದ ಶಾಸನವನ್ನೇ ಮುಂದಿಟ್ಟರು: ಮಯೂರಶರ್ಮ ಓದಿಗೆಂದು ಪರರಾಜ್ಯಕ್ಕೆ ಹೋದದ್ದು ಹೌದೋ ಅಲ್ಲವೋ? ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳ ಆದದ್ದು ಹೌದೋ ಅಲ್ಲವೋ? ಅಂದರೆ ಸೆಕ್ಯುರಿಟಿ ಗೇಟಿನಲ್ಲೇ ತಕರಾರು. ಬಂದ ಕೆಲಸ ಬಿಟ್ಟು ಸ್ವಂತ ವ್ಯವಹಾರ ಶುರುಮಾಡಿದ. ಕಡೆಗೆ ಪಲ್ಲವರೇ ಅವನ ರಾಜ್ಯವನ್ನು ಒಪ್ಪಿಕೊಂಡರು, ಅಂದರೆ ಟ್ರೇಡ್ ಲೈಸೆನ್ಸೂ ಸಿಕ್ಕಿತು. ಇದಕ್ಕಿಂತ ದೊಡ್ಡ ಗಲ್ಫ್ ಕತೆ ಯಾವುದುಂಟು?

“ಮೇನ್‌ಲ್ಯಾಂಡಾ, ಫ್ರೀ ಝೋನಾ?” ಎಂದು ಅಡ್ಮಿನ್ ಕೇಳಿದ್ದಾರೆ. ಇಬ್ಬರು ಗುಂಪು ಬಿಟ್ಟಿದ್ದಾರೆ.