ಬಳಸುವ ಮುನ್ನ ಓದಿ

ಗ್ರಾಹಕ ಮಹಾಶಯರೇ, ಕಿಡ್ನಿ ಕ್ಯಾನ್ಸರಿನ ಜಾಡನ್ನು ಮೂತ್ರದಲ್ಲೇ ಹಿಡಿಯುವ ನಮ್ಮ ಕಿಟ್ ಕೊಂಡಿದ್ದಕ್ಕೆ ಧನ್ಯವಾದ. ಪೊಟ್ಟಣ ಬಿಚ್ಚಿದರೆ ಕೆಂಪು ಮುಚ್ಚಳದ ಒಂದು ಡಬ್ಬಿ, ಈ ಕೈಪಿಡಿ, ಎರಡೇ ಸಿಗುತ್ತವೆ. ಕಿಟ್ ಇಲ್ಲ. ಅದಿನ್ನೂ ತಯಾರಾಗಿಲ್ಲ.

ಹಂತ 1. ಬೆಳಗ್ಗೆ ಎದ್ದ ಕೂಡಲೇ ಡಬ್ಬಿ ತುಂಬಿಸಿ. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ. ಡಬ್ಬಿಯನ್ನು ಕರ್ಚೀಫಿನಲ್ಲಿ ಸುತ್ತಿ, ಕೈಚೀಲದಲ್ಲಿಟ್ಟು, ಹೆಪ್ಪು ಹಾಕಿದ ಮೊಸರೇನೋ ಎಂಬಂತೆ ಅಲುಗಿಸದೆ ಲ್ಯಾಬಿಗೆ ನಡೆಯಿರಿ. ದಾರಿಯಲ್ಲಿ ಯಾರಾದರೂ 'ಏನ್ ಸಾರ್, ಇಷ್ಟು ಬೆಳಗ್ಗೆ?' ಎಂದರೆ 'ಹೀಗೇ, ಇಲ್ಲೇ' ಅಂದರೆ ಸಾಕು.

ಎಚ್ಚರಿಕೆ: ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ಒಂದೇ ಸಲ ಕಂಡು ನಿಂತರೂ, ಕೈಪಿಡಿ ಪಕ್ಕಕ್ಕಿಟ್ಟು ಡಾಕ್ಟರ ಬಳಿ ಹೋಗಿ. ಇದು ತಮಾಷೆಯಲ್ಲ.

ಹಂತ 2. ಎರಡು ಚೊಂಬು ನೀರು ಕುಡಿದು ಮೂತ್ರ ತೆಳ್ಳಗೆ ಮಾಡಿದರೆ ಲ್ಯಾಬಿಗೆ ಗೊತ್ತಾಗುತ್ತದೆ. ಸ್ನಾಯುಗಳಿಂದ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಬೀಳುವ ಕ್ರಿಯಾಟಿನಿನ್ನನ್ನು ಅಳೆದು, ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಿ ಲೆಕ್ಕ ಹಾಕುತ್ತಾರೆ.

ಹಂತ 3. ಈಗ ಹುಡುಕಿ. ಏನನ್ನು? ನಮ್ಮ ಹಳೆಯ ವೈದ್ಯರು ಮೂತ್ರದ ಮೇಲೆ ಒಂದು ಹನಿ ಎಳ್ಳೆಣ್ಣೆ ಬಿಟ್ಟು, ಅದು ಹರಡುವ ಬಗೆ ನೋಡಿ ರೋಗಿಯ ಭವಿಷ್ಯ ಹೇಳುತ್ತಿದ್ದರು. ಅದರ ಹೆಸರು ತೈಲಬಿಂದು ಪರೀಕ್ಷೆ. ಇಲ್ಲಿ ಎಣ್ಣೆ ಹೊರಗಿನಿಂದ ಬೇಕಿಲ್ಲ. ಕಿಡ್ನಿ ಕ್ಯಾನ್ಸರಿನಲ್ಲಿ ಅತಿ ಸಾಮಾನ್ಯವಾದ ಕ್ಲಿಯರ್ ಸೆಲ್ ಬಗೆಯ ಜೀವಕೋಶಗಳೇ ಕೊಬ್ಬಿನ ಹನಿಗಳನ್ನು ತುಂಬಿಕೊಂಡಿರುತ್ತವೆ. ಸ್ಲೈಡ್ ಸಿದ್ಧಮಾಡುವಾಗ ಆ ಕೊಬ್ಬು ಕರಗಿಹೋಗಿ ಕೋಶ ಖಾಲಿ ಕಾಣುವುದರಿಂದಲೇ ಆ ಹೆಸರು. ಹನಿಯ ಸುತ್ತ ಹೊದಿಕೆಯಾಗಿರುವ ಪ್ರೋಟೀನು ಪೆರಿಲಿಪಿನ್-2. ಅದರ ಜೊತೆಗಾರ ಅಕ್ವಾಪೊರಿನ್-1, ನೀರು ಹಾಯುವ ಬಾಗಿಲು. ದಿನಕ್ಕೆ ಸುಮಾರು 180 ಲೀಟರ್ ಸೋಸುವ ಕಿಡ್ನಿ ಒಂದೂವರೆ ಲೀಟರನ್ನಷ್ಟೇ ಹೊರಬಿಟ್ಟು ಮಿಕ್ಕಿದ್ದನ್ನು ವಾಪಸ್ ಎಳೆದುಕೊಳ್ಳುವುದರಲ್ಲಿ ಈ ಬಾಗಿಲಿಗೆ ದೊಡ್ಡ ಪಾಲಿದೆ. ಇದನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಅಮೆರಿಕದ ಸೇಂಟ್ ಲೂಯಿಸಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೆರೆಮಯಾ ಮಾರಿಸ್ಸಿ, ಇವಾನ್ ಖರಾಶ್ ತಂಡ ಈ ಜೋಡಿಯನ್ನು ರೋಗಿಗಳ ಮೂತ್ರದಲ್ಲಿ ಹಿಡಿದದ್ದನ್ನು 2010ರಲ್ಲಿ ಪ್ರಕಟಿಸಿತು. ಗಡ್ಡೆ ದೊಡ್ಡದಾದಷ್ಟೂ ಪ್ರಮಾಣ ಹೆಚ್ಚು. ಆಪರೇಷನ್ ಆದ ಮೇಲೆ ಇಳಿಕೆ. 2015ರಲ್ಲಿ, ಹೊಟ್ಟೆಯ ಸಿ.ಟಿ. ಸ್ಕ್ಯಾನಿಗೆ ಬಂದಿದ್ದ 720 ಮಂದಿಯ ಮೂತ್ರ ನೋಡಿದಾಗ ಮೂವರಲ್ಲಿ ಪ್ರಮಾಣ ಏರಿತ್ತು, ಅವರಲ್ಲಿ ಇಬ್ಬರಿಗೆ ಕಿಡ್ನಿ ಕ್ಯಾನ್ಸರ್ ಇರುವುದು ಖಚಿತವಾಯಿತು. ಮೂರನೆಯವರದು ಖಚಿತವಾಗಲಿಲ್ಲ. ಆ ಮೂರನೆಯವರ ಆ ವಾರ ಹೇಗೆ ಕಳೆಯಿತೋ! ಯಾವ ಕೈಪಿಡಿಯಲ್ಲೂ ಅದಕ್ಕೊಂದು ಹಂತ ಇರುವುದಿಲ್ಲ.

ಹಂತ 4. ಕಿಮ್-1 ಎಂಬ ಇನ್ನೊಂದು ಪ್ರೋಟೀನೂ ಇದೆ. ಕ್ಯಾನ್ಸರಿದ್ದರೂ ಏರುತ್ತದೆ, ಔಷಧಿಯಿಂದ ಕಿಡ್ನಿಗೆ ಪೆಟ್ಟಾದರೂ ಏರುತ್ತದೆ. ಕಳ್ಳ ಬಂದರೂ ಬೆಕ್ಕು ಬಂದರೂ ಒಂದೇ ದನಿಯಲ್ಲಿ ಬೊಗಳುವ ನಾಯಿ. ಸಾಕಿಕೊಳ್ಳಿ, ಆದರೆ ಅದರ ಮಾತು ಕೇಳಿಯೇ ಪೊಲೀಸರನ್ನು ಕರೆಯಬೇಡಿ.

ಹಂತ 5. ಗಡ್ಡೆ ತೆಗೆಸಿಕೊಂಡವರು ಈ ಹಂತವನ್ನು ಎರಡು ಸಲ ಓದಿ. ಮೂತ್ರ ಹೇಳುವುದು ಮುಖ್ಯವಾಗಿ ಕಿಡ್ನಿಯ ಸುದ್ದಿ. ರೋಗ ಅಲ್ಲಿಂದ ಬಿಡಾರ ಎತ್ತಿ ಶ್ವಾಸಕೋಶಕ್ಕೋ ಮೂಳೆಗೋ ಹೋಗಿ ಕೂತರೆ, ಅಲ್ಲಿ ಉದುರಿದ ಕೋಶಗಳಿಗೆ ಈ ಡಬ್ಬಿಯ ದಾರಿ ಗೊತ್ತಿಲ್ಲ. ಹಾಗಾಗಿ ಮರುಪರೀಕ್ಷೆಗೆ ಈಗಲೂ ಗತಿ ಸ್ಕ್ಯಾನೇ. ಡಾಕ್ಟರು ಬರೆದುಕೊಟ್ಟ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಡಬ್ಬಿ ಉಳಿದಿದ್ದರೆ ತೊಳೆಯದೆ ಎಸೆಯಿರಿ. ಕಳೆದ ಸಲ ಯಾರೋ ತೊಳೆದು ಸಾಸಿವೆ ತುಂಬಿಟ್ಟಿದ್ದರಂತೆ.