ಗುಲಗಂಜಿ ತೂಕದ ವೈಮಾನಿಕ

ವಿಮಾನ ಹಾರಿಸಬೇಕೆಂದು ಭೂಮಿಯೊಳಗೆ ಇಳಿಯುವವರು ಲೋಕದಲ್ಲಿ ಒಂದೇ ಜಾತಿ. ರೊಮೇನಿಯದ ಸ್ಲನಿಕ್ ಎಂಬ ಊರಿನಲ್ಲಿ, ನೆಲಮಟ್ಟದಿಂದ 208 ಮೀಟರ್ ಕೆಳಗೆ, ಉಪ್ಪು ತೋಡಿ ತೋಡಿ ಬರಿದಾದ ಗಣಿಯೊಂದಿದೆ. ಒಳಗಿನ ಹಜಾರಗಳ ಎತ್ತರ 54 ಮೀಟರ್. ಬೇಸಿಗೆಯಿರಲಿ ಮಾಗಿಯಿರಲಿ, ಸುಮಾರು 12 ಡಿಗ್ರಿಯ ಒಂದೇ ತಂಪು. ಗಾಳಿ ಅಲ್ಲಿ ಸತ್ತು ಮಲಗಿದೆ. ಅದೇ ಆ ಜಾಗದ ಆಕರ್ಷಣೆ. ಹೊಸೆದ ರಬ್ಬರಿನ ಬಲದಿಂದ ಸೂರಿನಡಿ ಹಾರುವ ಪುಟ್ಟ ವಿಮಾನಗಳ ವಿಶ್ವ ಚಾಂಪಿಯನ್‌ಷಿಪ್ ಈ ಪಾತಾಳದಲ್ಲಿ ಹಲವು ಸಲ ನಡೆದಿದೆ. ಸ್ವೆಟರು ತೊಟ್ಟ, ಬಹುಪಾಲು ನರೆತ ತಲೆಯ ಮಂದಿ, ಹಸುಗೂಸನ್ನು ಎತ್ತಿಕೊಂಡಂತೆ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ಎದೆಗವಚಿಕೊಂಡು ಇಳಿಯುತ್ತಾರೆ. ಪೆಟ್ಟಿಗೆಯೊಳಗೆ ಏನಿದೆ ಎಂದು ಇಣುಕಿದವರಿಗೆ ಮೊದಲ ನೋಟಕ್ಕೆ ಏನೂ ಕಾಣುವುದಿಲ್ಲ. ಹೀಗಾಗಿ ಈ ಒಳಾಂಗಣ ವೈಮಾನಿಕನನ್ನು ಲೋಕ ಎರಡು ಬಗೆಯಾಗಿ ಅಂದಾಜು ಮಾಡಿದೆ: ಒಂದೋ ಮರುಳ, ಇಲ್ಲವೇ ಬೆಳೆಯದೆ ಉಳಿದ ಮಗು. ಎರಡೂ ತಪ್ಪು. ಮರುಳನಿಗೆ ಮಿಲಿಗ್ರಾಂ ಲೆಕ್ಕ ಗೊತ್ತಿರುವುದಿಲ್ಲ. ಮಗುವಿನ ಕೈಗೆ ಈ ವಿಮಾನ ಕೊಟ್ಟರೆ ಅರೆ ನಿಮಿಷದಲ್ಲಿ ಕತೆ ಮುಗಿಯುತ್ತದೆ. ಈತ ಅಪ್ಪಟ ಜಿಪುಣ. ಜಿಪುಣತನವನ್ನೇ ರೆಕ್ಕೆ ಮಾಡಿಕೊಂಡವನು ಎಂದು ಒಪ್ಪಿಕೊಂಡರೆ ಅವನ ನಡೆನುಡಿಯೆಲ್ಲ ತನ್ನಷ್ಟಕ್ಕೆ ಅರ್ಥವಾಗುತ್ತದೆ.

ಮೊದಲ ಸಾಕ್ಷಿ ಅವನ ವಿಮಾನವೇ. ವಿಶ್ವ ಸ್ಪರ್ಧೆಯ ಎಫ್‌1ಡಿ ವರ್ಗದಲ್ಲಿ ರೆಕ್ಕೆಯ ಅಗಲ 55 ಸೆಂಟಿಮೀಟರ್ ಮೀರುವಂತಿಲ್ಲ. ರಬ್ಬರು ಬಿಟ್ಟು ಉಳಿದ ಒಡಲು 1.4 ಗ್ರಾಂಗಿಂತ ಹಗುರವಾಗಿರುವಂತಿಲ್ಲ, ರಬ್ಬರು 0.4 ಗ್ರಾಂ ದಾಟುವಂತಿಲ್ಲ. ಅಕ್ಕಸಾಲಿಗರ ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ವಿಮಾನ ಹನ್ನೆರಡು ಗುಲಗಂಜಿ, ಎಂಜಿನ್ನು ಮೂರು ಗುಲಗಂಜಿ ಚಿಲ್ಲರೆ. ಇಷ್ಟರೊಳಗೆ ರೆಕ್ಕೆ, ಬಾಲ, ಪ್ರೊಪೆಲರು, ರಬ್ಬರನ್ನು ಹೊರುವ ಬೆನ್ನುಕೋಲು ಎಲ್ಲವೂ ಸೇರಬೇಕು. ಈಕ್ವೆಡಾರಿನ ಬಾಲ್ಸಾ ಮರದ ಹಲಗೆಗಳ ರಾಶಿಯ ಮುಂದೆ ಅವನು ನಿಲ್ಲುವ ಭಂಗಿ ನೋಡಬೇಕು: ಸಂತೆಯಲ್ಲಿ ಪ್ರತಿಯೊಂದು ಬೆಂಡೆಕಾಯಿಯ ತುದಿಯನ್ನೂ ಮುರಿದು ನೋಡುವ ಗಿರಾಕಿಯೂ ಇವನ ಮುಂದೆ ಉದಾರಿ. ನೂರು ಹಲಗೆ ತೂಗಿ, ಬಗ್ಗಿಸಿ, ದೀಪಕ್ಕೆ ಹಿಡಿದು, ಎರಡನ್ನು ಆರಿಸುತ್ತಾನೆ. ಕಾಗದದಷ್ಟು ತೆಳ್ಳಗೆ ಉಜ್ಜಿದ ಮರವನ್ನು ನೀರಲ್ಲಿ ನೆನೆಸಿ, ಸರಳಿನ ಸುತ್ತ ಸುರುಳಿ ಸುತ್ತಿ, ಒಣಗಿಸಿ, ಟೊಳ್ಳು ಕೊಳವೆ ಮಾಡುತ್ತಾನೆ, ಅದೇ ಬೆನ್ನುಕೋಲು. ಗಟ್ಟಿ ಕಡ್ಡಿಯನ್ನೇ ಇಟ್ಟರಾಗದೇ ಎಂದು ಕೇಳಬೇಡಿ. ಒಳಗಿನ ತಿರುಳು ದಂಡದ ಖರ್ಚು. ಅಂಟನ್ನು ಅಸಿಟೋನಿನಲ್ಲಿ ತೆಳುಮಾಡಿ ಸೂಜಿಮೊನೆಯಲ್ಲಿ ಮುಟ್ಟಿಸುತ್ತಾನೆ, ಆಮೇಲೆ ಆ ಚುಕ್ಕೆಯದೂ ತೂಕ ನೋಡುತ್ತಾನೆ. ಹಿಂದಿನವರು ರೆಕ್ಕೆಗೆ ಹೊದಿಸುತ್ತಿದ್ದದ್ದು ಮೈಕ್ರೋಫಿಲ್ಮ್. ತೊಟ್ಟಿಯ ನೀರಿನ ಮೇಲೆ ನೈಟ್ರೋಸೆಲ್ಯುಲೋಸಿನ ದ್ರಾವಣ ಸುರಿದರೆ ಅದು ಹರಡಿ ಪೊರೆಯಾಗುತ್ತದೆ. ಮಳೆಗಾಲದ ರಸ್ತೆಯಲ್ಲಿ ಸೋರಿದ ಪೆಟ್ರೋಲಿನ ಮೇಲೆ ಮೂಡುವಂಥ ಬಣ್ಣಗಳು ಅದರಲ್ಲಿ ಕಾಣುತ್ತವೆ. ಆ ಬಣ್ಣ ನೋಡಿಯೇ ದಪ್ಪ ಎಷ್ಟೆಂದು ಹೇಳುತ್ತಿದ್ದರು. ಈಗ ಅಷ್ಟೇ ತೆಳುವಾದ ಪ್ಲಾಸ್ಟಿಕ್ ಪೊರೆ ಸಿದ್ಧವಾಗಿಯೇ ಸಿಗುತ್ತದೆ. ಮುಟ್ಟಿದ್ದು ಬೆರಳಿಗೆ ತಿಳಿಯುವುದಿಲ್ಲ, ಆದರೆ ಪೊರೆಗೆ ತಿಳಿಯುತ್ತದೆ.

ಇದು ಬರೀ ಚಾಳಿಯಲ್ಲ, ಹಿಂದೆ ಲೆಕ್ಕವಿದೆ. ಅದೇ ರೆಕ್ಕೆಯಲ್ಲಿ ತೂಕ ಹತ್ತರಲ್ಲೊಂದು ಪಾಲು ಇಳಿದರೆ, ಹಾರುತ್ತಿರಲು ಬೇಕಾದ ಶಕ್ತಿಯಲ್ಲಿ ಹೆಚ್ಚುಕಡಿಮೆ ಏಳರಲ್ಲೊಂದು ಪಾಲು ಉಳಿಯುತ್ತದೆ. ಉಳಿಸಿದ್ದಕ್ಕಿಂತ ಹೆಚ್ಚು ಕೈಗೆ ಬರುವ ಇಂಥ ಬಡ್ಡಿ ಯಾವ ಬ್ಯಾಂಕಿನಲ್ಲಿದೆ? ಜಿಪುಣನಿಗೆ ಇದರ ರುಚಿ ಹತ್ತಿದರೆ ತಡೆಯುವವರಾರು? ಅದಕ್ಕೇ ನಿಯಮ ಮಾಡುವವರು ಇಷ್ಟಕ್ಕಿಂತ ಹಗುರ ಮಾಡಬಾರದು ಎಂದು ನೆಲ ಗೆರೆ ಎಳೆಯಬೇಕಾಯಿತು. ಬೇರೆ ಆಟಗಳಲ್ಲಿ ನಿಯಮಗಳು ದುರಾಸೆಗೆ ಕಡಿವಾಣ ಹಾಕುತ್ತವೆ; ಇಲ್ಲಿ ಮಿತವ್ಯಯಕ್ಕೆ. ಒಂದು ಕಾಲದಲ್ಲಿ ಒಡಲಿನ ಕನಿಷ್ಠ ತೂಕ ಒಂದು ಗ್ರಾಂ ಇತ್ತು, ರಬ್ಬರಿಗೆ ಮಿತಿಯೇ ಇರಲಿಲ್ಲ. ಆಮೇಲೆ ಒಡಲು 1.2 ಗ್ರಾಂ, ರಬ್ಬರು 0.6 ಆಯಿತು. ಈಗ 1.4 ಮತ್ತು 0.4. ಒಡಲಿನ ಮೇಲೆ ತೆರಿಗೆ ಏರಿಸಿ ರಬ್ಬರಿನ ರೇಷನ್ ಕಡಿತ ಮಾಡಿದರೂ ಇವನು ಎತ್ತರದ ಸೂರಿನಡಿ ಅರ್ಧ ಗಂಟೆಯ ಆಸುಪಾಸು ಹಾರಿಸಿ ತೋರಿಸುತ್ತಾನೆ. ಆ ಮೂರು ಗುಲಗಂಜಿ ರಬ್ಬರಿನಲ್ಲಿ ತುಂಬಿದ ಒಟ್ಟು ಶಕ್ತಿ, ಒಂದು ಲೀಟರ್ ನೀರಿನ ತಂಬಿಗೆಯನ್ನು ನೆಲದಿಂದ ಮೊಣಕಾಲೆತ್ತರಕ್ಕೆ ಎತ್ತುವಷ್ಟು. ನಾವು ಒಂದು ಕ್ಷಣದಲ್ಲಿ, ಅದೂ ಗಮನಿಸದೆ, ಖರ್ಚು ಮಾಡುವ ಆ ಮೊತ್ತದಲ್ಲಿ ಇವನ ವಿಮಾನ ಒಂದು ಧಾರಾವಾಹಿ ಕಂತಿನ ಉದ್ದಕ್ಕೂ ಗಾಳಿಯಲ್ಲಿರುತ್ತದೆ. ಪ್ರೊಪೆಲರು ತಿರುಗುವ ವೇಗ, ನಮ್ಮ ಸೀಲಿಂಗ್ ಫ್ಯಾನು ರೆಗ್ಯುಲೇಟರಿನ ಒಂದನೇ ನಂಬರಿನಲ್ಲಿ ತಿರುಗುವುದಕ್ಕಿಂತಲೂ ಕಡಿಮೆ. ಒಂದೊಂದು ಸುತ್ತನ್ನೂ ಕಣ್ಣಲ್ಲೇ ಎಣಿಸಬಹುದು. ಅವನು ಎಣಿಸುತ್ತಾನೆ ಕೂಡ.

ರಬ್ಬರಿನ ವಿಷಯಕ್ಕೆ ಬಂದರೆ ಅವನ ಮುಖದ ಬಣ್ಣವೇ ಬದಲಾಗುತ್ತದೆ. ಈ ಕೆಲಸಕ್ಕೆ ಆಗಿಬರುವ ರಬ್ಬರು ಎಲ್ಲ ಬ್ಯಾಚಿನಲ್ಲೂ ಒಂದೇ ಗುಣದ್ದಲ್ಲ. ‘ಟ್ಯಾನ್ 2’ ಎಂಬ ರಬ್ಬರಿನ 1999ರ ಮೇ ತಿಂಗಳ ಬ್ಯಾಚು ಈ ಬಳಗದಲ್ಲಿ ದಂತಕತೆ. ನಮ್ಮ ಅಜ್ಜಿಯಂದಿರು ಆ ವರ್ಷದ ಮಾವಿನ ಮಿಡಿ ಇನ್ನು ಸಿಗದು ಎಂದು ಭರಣಿಯ ಬಾಯಿಗೆ ಬಟ್ಟೆ ಬಿಗಿದಂತೆ, ಇವನು ಅದನ್ನು ಗಾಳಿಯಾಡದ ಡಬ್ಬದಲ್ಲಿ, ಬೆಳಕು ಬೀಳದ ಕಡೆ, ತಂಪಿನಲ್ಲಿ, ತಿಂಗಳು ವರ್ಷದ ಚೀಟಿ ಅಂಟಿಸಿ ಇಡುತ್ತಾನೆ. ಮನೆಯವರ ಹುಟ್ಟುಹಬ್ಬ ಮರೆತಾನು, ಆ ಚೀಟಿಯ ತಾರೀಖು ಮರೆಯುವವನಲ್ಲ. ಮುಖ್ಯ ಸ್ಪರ್ಧೆ ಇದ್ದಾಗ ಮಾತ್ರ ಒಂದು ಗೇಣು ಹೊರಗೆ ಬರುತ್ತದೆ. ಅದನ್ನು ಬೇಕಾದ ಅಗಲಕ್ಕೆ ಸೀಳಿ, ಜಾರುವ ಎಣ್ಣೆ ಸವರಿ, ಕೈಯಂತ್ರದಲ್ಲಿ ಸಾವಿರ ಸಾವಿರದೈನೂರು ಸುತ್ತು ಹೊಸೆಯುವಾಗ ಹಜಾರದಲ್ಲಿ ಯಾರೂ ಮಾತಾಡುವುದಿಲ್ಲ. ಯಾಕೆಂದರೆ ಇನ್ನೊಂದೇ ಸುತ್ತು ಎಂಬ ಆಸೆಯಲ್ಲಿ ಹಗ್ಗ ಪಟ್ಟೆಂದು ಕಡಿದರೆ ಅಷ್ಟು ವರ್ಷದ ಉಳಿತಾಯ ಗೋವಿಂದ.

ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂದು ಜಿಪುಣನಿಗೆ ಹೇಳುವುದುಂಟು. ಈ ಮಾತು ಅಕ್ಷರಶಃ ಸಲ್ಲುವುದು ಇವನೊಬ್ಬನಿಗೇ. ಕೈ ತೊಳೆದುಕೊಂಡಿದ್ದರೂ ಅವನು ಕಾಗೆ ಓಡಿಸುವುದಿಲ್ಲ: ಕೈ ಬೀಸಿದರೆ ಗಾಳಿ ಅಲುಗುತ್ತದೆ, ಗಾಳಿ ಅಲುಗಿದರೆ ಎರಡು ಮಾರು ಆಚೆಗಿರುವ ವಿಮಾನ ಮಗುಚುತ್ತದೆ. ಅವನ ನಡಿಗೆ ಗರ್ಭಗುಡಿಯ ಸುತ್ತ ಹೆಜ್ಜೆನಮಸ್ಕಾರ ಹಾಕುವವರದು. ಸೀನು ಬಂದರೆ ಮುಖ ತಿರುಗಿಸಿ ದೂರ ಹೋಗುತ್ತಾನೆ. ಸ್ಪರ್ಧೆ ಆಟದ ಹಾಲಿನಲ್ಲಿದ್ದರೆ ಅವನ ಮೊದಲ ಬೇಡಿಕೆ ಹವಾನಿಯಂತ್ರಣ ನಿಲ್ಲಿಸಿ, ಎರಡನೆಯದು ಬಾಗಿಲು ಮುಚ್ಚಿ, ಮೂರನೆಯದು ಪ್ರೇಕ್ಷಕರು ಓಡಾಡಬೇಡಿ. ಮೂರನೆಯದು ಸುಲಭವಾಗಿ ಈಡೇರುತ್ತದೆ, ಪ್ರೇಕ್ಷಕರೇ ಇರುವುದಿಲ್ಲ. ವಿಮಾನ ಗೋಡೆಯ ಕಡೆ ವಾಲಿದರೆ ಹೀಲಿಯಂ ಬಲೂನಿನ ದಾರವನ್ನು ಎದುರಿಗೆ ತಂದು ಮೆಲ್ಲಗೆ ದಾರಿ ತಿರುಗಿಸಬಹುದು. ಬಿಟ್ಟ ಮೇಲೆ ಅವನಿಗಿರುವ ಅಧಿಕಾರ ಅಷ್ಟೇ. ವಿಮಾನ ನಿಲ್ದಾಣಗಳಲ್ಲಿ ಇವನು ಪಡುವ ಪಾಡು ಬೇರೆಯೇ ಅಧ್ಯಾಯ. ಪೆಟ್ಟಿಗೆಯಲ್ಲಿ ಏನಿದೆ ಎಂದು ಭದ್ರತಾ ಸಿಬ್ಬಂದಿ ಕೇಳಿದರೆ ‘ವಿಮಾನ’ ಎನ್ನಬೇಕು. ತೆರೆಯಿರಿ ಎಂದರೆ ಉಸಿರು ಬಿಗಿಹಿಡಿದು ತೆರೆಯಬೇಕು, ಅವರನ್ನೂ ಉಸಿರು ಬಿಗಿಹಿಡಿಯಿರಿ ಎಂದು ಬೇಡಬೇಕು.

ಜಿಪುಣ ಎನ್ನುವುದು ಅನ್ಯಾಯ ಎಂದು ಅವನ ಪರ ವಕೀಲರು ವಾದಿಸಬಹುದು. ರೊಮೇನಿಯದ ಟಿಕೇಟಿಗೆ, ಅಕ್ಕಸಾಲಿಯ ತಕ್ಕಡಿಯನ್ನೂ ನಾಚಿಸುವ ತಕ್ಕಡಿಗೆ, ಕೂದಲಿಗಿಂತ ತೆಳುವಾದ ಟಂಗ್‌ಸ್ಟನ್ ತಂತಿಗೆ ಕೈಬಿಚ್ಚಿ ಖರ್ಚು ಮಾಡುವವನು ಜಿಪುಣ ಹೇಗಾದಾನು? ಆದಾನು. ಹಿತ್ತಾಳೆ ಕಾಸು ಬಿಡದವನೂ ತಿಜೋರಿ ಕೊಳ್ಳುವಾಗ ಚೌಕಾಸಿ ಮಾಡುವುದಿಲ್ಲ. ಎರಡನೆಯ ವಾದ ಇದಕ್ಕಿಂತ ಗಟ್ಟಿ: ಗೆದ್ದ ವಿಮಾನದ ನಕ್ಷೆಯನ್ನು ಅಳತೆ, ತೂಕ, ಮರದ ಸಾಂದ್ರತೆ ಸಮೇತ ಎಲ್ಲರಿಗೂ ಹಂಚಿಬಿಡುವುದು ಈ ಬಳಗದ ವಾಡಿಕೆ, ಅಡುಗೆಯ ಗುಟ್ಟನ್ನೇ ಬಿಟ್ಟುಕೊಡುವ ಜಿಪುಣನುಂಟೇ? ಇದನ್ನು ಒಪ್ಪಬೇಕು, ಅರ್ಧ. ನಕ್ಷೆ ಕೊಡುತ್ತಾನೆ ನಿಜ. ಆ ನಕ್ಷೆಯಂತೆ ಕಟ್ಟಲು ಇನ್ನೊಬ್ಬನಿಗೆ ಐದಾರು ವರ್ಷ ಬೇಕು ಎಂಬುದೂ ಅವನಿಗೆ ಗೊತ್ತು. ಮೇ ತಿಂಗಳ ರಬ್ಬರು ಒಂದು ಗೇಣು ಕೊಡಿ ಎಂದು ಕೇಳಿ ನೋಡಿ, ಆಮೇಲೆ ಔದಾರ್ಯದ ಮಾತಾಡೋಣ. ಹೊಸಬರ ಮೇಲೆ ಮಾತ್ರ ಅವನಿಗೆ ನಿಜವಾದ ಮರುಕವಿದೆ: ಅಮೆರಿಕದಲ್ಲಿ ‘ಪೆನ್ನಿ ಪ್ಲೇನ್’ ಎಂಬ ಸುಲಭದ ವರ್ಗವಿದ್ದು, ಅಲ್ಲಿ ವಿಮಾನ ಅವರ ಒಂದು ಸೆಂಟಿನ ಹಳೆಯ ನಾಣ್ಯದಷ್ಟು, ಅಂದರೆ 3.1 ಗ್ರಾಂ, ಭಾರವಿದ್ದರೆ ಸಾಕು. ಕಾಸನ್ನೇ ಅಳತೆಗಲ್ಲು ಮಾಡಿಕೊಂಡಿದ್ದಾರೆ ಎಂಬುದನ್ನು ನನ್ನ ವಾದದ ಕಡತಕ್ಕೆ ಸೇರಿಸುತ್ತೇನೆ.

ಇನ್ನು, ಇದರಿಂದ ಏನು ಉಪಯೋಗ ಎಂಬ ಪ್ರಶ್ನೆ. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವ ಕೆಲಸ ಎಂದು ನಗುವವರು ಇಂಗ್ಲೆಂಡಿನ ಕಾರ್ಡಿಂಗ್ಟನ್ ಕಡೆ ಒಮ್ಮೆ ನೋಡಬೇಕು. ಬೆಡ್‌ಫರ್ಡ್ ಬಳಿಯ ಆ ಊರಿನಲ್ಲಿ ವಾಯುನೌಕೆ ಕಟ್ಟಲೆಂದು ಎಬ್ಬಿಸಿದ ರಾಕ್ಷಸ ಗಾತ್ರದ ಎರಡು ಕೊಟ್ಟಿಗೆಗಳಿವೆ. ಬ್ರಿಟಿಷ್ ಸರ್ಕಾರ ಆರ್101 ಎಂಬ ವಾಯುನೌಕೆ ಕಟ್ಟಿದ್ದು ಅಲ್ಲೇ. ಅದರ ರೋಗ ಒಂದೇ, ತೂಕ. ಲೆಕ್ಕ ಹಾಕಿದ್ದಕ್ಕಿಂತ ಭಾರವಾಗಿ, ಎತ್ತುವ ಬಲ ಸಾಲದೆ, ನಡುವೆ ಕತ್ತರಿಸಿ ಇನ್ನೊಂದು ಅನಿಲದ ಚೀಲ ಸೇರಿಸಿ ಉದ್ದ ಮಾಡಿದರು. ಆಗ ಭಾರತಕ್ಕೇ ಸೇರಿದ್ದ ಕರಾಚಿಗೆ ಹೊರಟ ಅದು 1930ರ ಅಕ್ಟೋಬರ್ 5ರ ನಸುಕಿನಲ್ಲಿ ಫ್ರಾನ್ಸಿನ ಬೋವೆ ಬಳಿ ನೆಲಕ್ಕೆ ಬಿದ್ದು ಹೊತ್ತಿ ಉರಿಯಿತು. 54 ಜನರಲ್ಲಿ 48 ಮಂದಿ ಸತ್ತರು. ಮುಂದೆ ಅದೇ ಕಾರ್ಡಿಂಗ್ಟನ್ನಿನ ಸೂರಿನಡಿ ಈ ಜಿಪುಣರು ಗುಲಗಂಜಿ ತೂಕದ ವಿಮಾನ ಬಿಟ್ಟು ವರ್ಷಗಟ್ಟಲೆ ಸ್ಪರ್ಧೆ ನಡೆಸಿದರು. ಟನ್ನುಗಟ್ಟಲೆ ದುಂದು ಮಾಡಿದವರ ಮನೆಯಲ್ಲಿ ಮಿಲಿಗ್ರಾಂ ಉಳಿಸುವವರ ಒಕ್ಕಲು! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯ ಅರ್ಥ ಎಂಜಿನಿಯರುಗಳಿಗಿಂತ ಇವರಿಗೆ ಚೆನ್ನಾಗಿ ಗೊತ್ತಿತ್ತು. ಉಪಯೋಗದ ಪಟ್ಟಿ ಇನ್ನೂ ಬೆಳೆಸಬಹುದು. ಫ್ರಾನ್ಸಿನ ಅಲ್ಫೋನ್ಸ್ ಪೆನೊ 1871ರಲ್ಲಿ ಪ್ಯಾರಿಸಿನ ತೋಟವೊಂದರಲ್ಲಿ ಹೊಸೆದ ರಬ್ಬರಿನ ಬಲದಿಂದ ಪುಟ್ಟ ವಿಮಾನವನ್ನು 11 ಸೆಕೆಂಡು ಹಾರಿಸಿದ. ಅವನ ಮಾದರಿಯ ರಬ್ಬರು ಆಟಿಕೆಯೊಂದನ್ನು 1878ರಲ್ಲಿ ತಂದೆ ಮನೆಗೆ ತಂದುಕೊಟ್ಟಾಗ ರೈಟ್ ಸಹೋದರರಿಗೆ ಹಾರುವ ಹುಚ್ಚು ಹತ್ತಿತು. ಆದರೆ ಈ ವಕಾಲತ್ತು ನಮ್ಮ ವೈಮಾನಿಕನಿಗೆ ಬೇಕಿಲ್ಲ. ರೈಟ್ ಸಹೋದರರು ಎಂಜಿನ್ನು ಕೂರಿಸಿದ್ದೇ ದುಂದುಗಾರಿಕೆಯ ಆರಂಭ ಎಂಬುದು ಅವನ ಒಳಗಿನ ಅಭಿಪ್ರಾಯವಿರಬೇಕು.

ನನ್ನ ವಾದಕ್ಕೆ ನಿಜವಾದ ಪೆಟ್ಟು ಕೊಡುವ ಸಂಗತಿ ಒಂದೇ ಇದೆ. ಅದನ್ನು ಮುಚ್ಚಿಟ್ಟರೆ ವಂಚನೆಯಾದೀತು. ಊರಿನ ಜಿಪುಣನಿಗೆ ಸಂತೋಷ ಕೊಡುವುದು ಮಿಕ್ಕಿದ್ದು. ಹಬ್ಬ ಮುಗಿದ ಮೇಲೂ ಡಬ್ಬದಲ್ಲಿ ಬೆಲ್ಲ ಉಳಿದಿದ್ದರೆ ಅವನಿಗೆ ನಿದ್ದೆ ಚೆನ್ನಾಗಿ ಬರುತ್ತದೆ. ಇವನಿಗೆ ಹಾಗಲ್ಲ. ಆರು ಸಲ ಹಾರಿಸಿ ಅತ್ಯುತ್ತಮ ಎರಡರ ಮೊತ್ತ ಹಿಡಿಯುವ ಸ್ಪರ್ಧೆಯಲ್ಲಿ, ಅರ್ಧ ಗಂಟೆ ಸುತ್ತು ಹಾಕಿದ ವಿಮಾನ ಕಾಲು ಚಾಚಿದ ನೊಣದಂತೆ ಉಪ್ಪಿನ ನೆಲವನ್ನು ಮುಟ್ಟುತ್ತದೆ. ಗಡಿಯಾರ ಹಿಡಿದವನು ಕಾಲ ಕೂಗುತ್ತಾನೆ, ಸುತ್ತಲಿನವರು ಮೆಲ್ಲಗೆ (ಜೋರಾಗಿ ಕೂಡದು) ಚಪ್ಪಾಳೆ ತಟ್ಟುತ್ತಾರೆ. ಅವನಿಗೆ ಅದು ಕೇಳಿಸುವುದಿಲ್ಲ. ಮೊಣಕಾಲೂರಿ, ಕೊಕ್ಕೆಯಿಂದ ರಬ್ಬರು ಬಿಡಿಸಿ, ಬಿಚ್ಚದೆ ಉಳಿದ ಸುತ್ತುಗಳನ್ನು ಎಣಿಸುತ್ತಾನೆ. ಇನ್ನೂರು. ಇನ್ನೂರು ಸುತ್ತು ಖರ್ಚಾಗದೆ ಉಳಿದುಬಿಟ್ಟಿದೆ! ಉಳಿದದ್ದಕ್ಕೆ ಅಳುವ ಜಿಪುಣ ಇವನೊಬ್ಬನೇ. ನೆಲ ಮುಟ್ಟುವ ಗಳಿಗೆಗೆ ಸರಿಯಾಗಿ ಕೊನೆಯ ಕಾಸೂ ಮುಗಿದಿರಬೇಕು, ಒಂದು ಕಾಸೂ ಮೊದಲೇ ಹೋಗಿರಬಾರದು. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಳ್ಳುತ್ತಾನೆ: ರಬ್ಬರು ತೆಳುವಾಯಿತು, ಮುಂದಿನ ಸಲ ಕೂದಲೆಳೆಯಷ್ಟು ಅಗಲವಾಗಿ ಸೀಳಬೇಕು. ಪೆನ್ಸಿಲಿನ ತುಂಡು ಎಷ್ಟು ಸವೆದಿದೆಯೆಂದರೆ ಅದನ್ನು ಉಗುರಿನಲ್ಲಿ ಹಿಡಿದೇ ಬರೆಯಬೇಕು.