ಐವತ್ತು ತುಂಬಿದ ತುರ್ತು ಪರಿಸ್ಥಿತಿಯವರಿಗೆ ಕಡೂರು ಸೀಮೆಯಿಂದ ಕಾಗದ

ಶ್ರೀಮತಿ ತುರ್ತು ಪರಿಸ್ಥಿತಿಯವರ ಸನ್ನಿಧಾನಕ್ಕೆ,

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕುಗಳ ಮತದಾರರ ಪರವಾಗಿ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ತಮ್ಮ ಕ್ಷೇಮವನ್ನು ಕಾಗದ ಬರೆದು ಕೇಳಬೇಕಾದ್ದೇ ಇಲ್ಲ, ಆಗಾಗ ಕಣ್ಣಿಗೆ ಬೀಳುತ್ತಲೇ ಇರುತ್ತೀರಿ.

2025ರ ಜೂನ್ 25ಕ್ಕೆ ತಮಗೆ ಐವತ್ತು ತುಂಬಿತು. ದೆಹಲಿಯವರು ತಮ್ಮ ಹುಟ್ಟುಹಬ್ಬಕ್ಕೆ ‘ಸಂವಿಧಾನ ಹತ್ಯಾ ದಿವಸ’ ಅಂತ ಹೆಸರಿಟ್ಟು ತಿಥಿ ಮಾಡುತ್ತಿದ್ದಾರೆ. ಬೆಂಗಳೂರಿನವರ ವೈಭವವೇ ಬೇರೆ. 2024ರ ಸೆಪ್ಟೆಂಬರ್ 15ರಂದು, ಪ್ರಜಾಪ್ರಭುತ್ವ ದಿನ ಅಂತ, ಬೀದರಿನಿಂದ ಚಾಮರಾಜನಗರದವರೆಗೆ ಸುಮಾರು 2,500 ಕಿಲೋಮೀಟರು ಉದ್ದಕ್ಕೆ ಜನರನ್ನು ಕೈ ಕೈ ಹಿಡಿಸಿ ನಿಲ್ಲಿಸಿದರು. ಕೈಗೆ ಅಷ್ಟು ಕೆಲಸ ಕೊಟ್ಟವರಿಗೆ ಬೆರಳಿಗೆ ಶಾಯಿ ಹಚ್ಚಿಸುವುದೊಂದು ಮರೆತುಹೋಯಿತು. ತಮ್ಮನ್ನು ಬೈಯುವವರು ಒಬ್ಬರು, ತಮ್ಮ ನೆಂಟಸ್ತಿಕೆ ಮರೆಸಲು ಸಂವಿಧಾನದ ಪೀಠಿಕೆ ಓದಿಸುವವರು ಇನ್ನೊಬ್ಬರು. ತಾಲ್ಲೂಕು ಪಂಚಾಯಿತಿ ವಿಷಯಕ್ಕೆ ಬಂದರೆ ಇಬ್ಬರೂ ತಮ್ಮ ಶಿಷ್ಯರೇ, ಅದೂ ಗುರುವನ್ನು ಮೀರಿಸಿದವರು.

ಮೊದಲು ನೆಂಟಸ್ತಿಕೆಯ ಮಾತು. ತಾವು 21 ತಿಂಗಳು ಇದ್ದು ಹೋದ ಮೇಲೆ, 1977ರಲ್ಲಿ, ಉತ್ತರ ಭಾರತ ತಮ್ಮ ಮನೆಯವರನ್ನು ಗುಡಿಸಿ ಹಾಕಿತು. ರಾಯಬರೇಲಿಯಲ್ಲಿ ಇಂದಿರಾ ಗಾಂಧಿಯವರೇ ಸೋತರು. ಕರ್ನಾಟಕ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೆ ಕೊಟ್ಟಿತು. ಮರುವರ್ಷ ನವೆಂಬರಿನಲ್ಲಿ, ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಚಿಕ್ಕಮಗಳೂರಿಗೆ ಇಂದಿರಮ್ಮ ಬಂದರು. ಎದುರಿಗೆ ವೀರೇಂದ್ರ ಪಾಟೀಲರು, ಅವರ ಬೆನ್ನಿಗೆ ಜಾರ್ಜ್ ಫರ್ನಾಂಡಿಸ್. 77 ಸಾವಿರಕ್ಕೂ ಮೇಲಿನ ಅಂತರದಲ್ಲಿ ಇಂದಿರಮ್ಮನವರನ್ನು ಗೆಲ್ಲಿಸಿ ಕಳಿಸಿದ ಜಿಲ್ಲೆ ನಮ್ಮದು. (ಸೋತ ಪಾಟೀಲರು ಆಮೇಲೆ ಅದೇ ಕಾಂಗ್ರೆಸ್ಸಿನಿಂದ ಮುಖ್ಯಮಂತ್ರಿಯಾದರು. ನಮ್ಮಲ್ಲಿ ಯಾರೂ ಯಾರಿಗೂ ಪೂರ್ತಿ ಸೋಲುವುದಿಲ್ಲ.) ಹಾಗಾಗಿ, ಸರ್ವಾಧಿಕಾರ ಅಂದರೆ ಈ ಜಿಲ್ಲೆಯವರಿಗೆ ಮೈಯೆಲ್ಲ ಉರಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಈಗ ವಿಷಯಕ್ಕೆ ಬರುತ್ತೇನೆ. ತಮ್ಮ ಮೇಲಿರುವ ದೊಡ್ಡ ಆರೋಪಗಳಲ್ಲಿ ಒಂದು, ಚುನಾವಣೆ ಮುಂದೆ ಹಾಕಿದಿರಿ ಅನ್ನೋದು. 1976ರ ಮಾರ್ಚಿನಲ್ಲಿ ಮುಗಿಯಬೇಕಿದ್ದ ಲೋಕಸಭೆಗೆ ಆಯುಸ್ಸು ಹೆಚ್ಚಿಸಿದಿರಿ. 42ನೇ ತಿದ್ದುಪಡಿ ತಂದು ಐದು ವರ್ಷವನ್ನು ಆರು ಮಾಡಿದಿರಿ. ಕೊನೆಗೆ ಲೆಕ್ಕ ಹಾಕಿದರೆ ಚುನಾವಣೆ ತಡವಾದದ್ದು ಬರೀ ಒಂದು ವರ್ಷ. ಇಷ್ಟಕ್ಕೇ ಜಗತ್ತೆಲ್ಲ ಬೊಬ್ಬೆ! ನಾವು ಜಿಲ್ಲಾ ಪಂಚಾಯಿತಿಗೂ ತಾಲ್ಲೂಕು ಪಂಚಾಯಿತಿಗೂ ಕೊನೆಯ ಸಲ ವೋಟು ಹಾಕಿದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಅಂದಿನಿಂದ ಆಡಳಿತಾಧಿಕಾರಿಯ ಆಳ್ವಿಕೆ, 2025ಕ್ಕೇ ನಾಲ್ಕು ವರ್ಷ ದಾಟಿತು. ಪಂಚಾಯಿತಿಯ ಆಯುಸ್ಸು ಐದೇ ವರ್ಷ, ಅದು ಮುಗಿಯುವ ಮುಂಚೆಯೇ ಚುನಾವಣೆ ಮುಗಿದಿರಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತದೆ. ತಾವಾಗಿದ್ದರೆ ಆ ವಿಧಿಯನ್ನೇ ತಿದ್ದಿ ಕೆಟ್ಟ ಹೆಸರು ತಗೊಳ್ಳುತ್ತಿದ್ದಿರಿ. ನಮ್ಮ ಬೆಂಗಳೂರಿನವರು ಅದರ ತಂಟೆಗೇ ಹೋಗಲಿಲ್ಲ.

ಹೇಗೆ ಸಾಧ್ಯವಾಯಿತು ಅಂತ ಕೇಳುತ್ತೀರಿ. ರಾಜ್ಯ ಚುನಾವಣಾ ಆಯೋಗ 2021ರಲ್ಲೇ ಕ್ಷೇತ್ರ ವಿಂಗಡಿಸಿ, ಮೀಸಲಾತಿಯ ಕರಡು ಪಟ್ಟಿ ಹೊರಡಿಸಿ ಕೂತಿತ್ತು. ಆಗಿನ ಬಿಜೆಪಿ ಸರ್ಕಾರ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು ಆ ಕೆಲಸವನ್ನು ಅದರ ಕೈಯಿಂದ ಕಿತ್ತುಕೊಂಡು, ಸೀಮಾ ನಿರ್ಣಯಕ್ಕೆ ಅಂತಲೇ ಇನ್ನೊಂದು ಆಯೋಗ ಮಾಡಿತು. 2022ರ ಡಿಸೆಂಬರಿನಲ್ಲಿ ಹೈಕೋರ್ಟು ತಾಳ್ಮೆ ಕಳೆದುಕೊಂಡು ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಕಡೂರಿನ ಬಯಲಿನಲ್ಲಿ ಕೊಳವೆಬಾವಿ ಕೊರೆಸಿ, ಮೋಟರು ಇಳಿಸಿ, ಪೈಪು ಎಳೆಯುವಷ್ಟರಲ್ಲಿ ಕರಗಿ ಹೋಗುವ ದುಡ್ಡು ಅದು. ನೀರು ಬಿದ್ದರೆ ಪುಣ್ಯ. ಆ ರೇಟಿಗೆ ಇಡೀ ರಾಜ್ಯದ ತಾಲ್ಲೂಕು ಪಂಚಾಯಿತಿಗಳನ್ನು ಖಾಲಿ ಇಡಬಹುದು ಅನ್ನುವುದು ತಮ್ಮ ಕಾಲದವರಿಗೆ ಹೊಳೆದಿರಲಿಲ್ಲ. 2023ರಲ್ಲಿ ಕಾಂಗ್ರೆಸ್ ಸರ್ಕಾರ ಬಂತು. ಹಿಂದಿನವರು ಮಾಡಿದ್ದೆಲ್ಲ ತಪ್ಪು ಅನ್ನುತ್ತ ಬಂದವರು ಇದೊಂದನ್ನು ಮಾತ್ರ ಜೋಪಾನವಾಗಿ ಮುಂದುವರಿಸಿದರು.

ನಮ್ಮ ಮೂರರಲ್ಲಿ ಕಿರಿಯದಾದ ಅಜ್ಜಂಪುರದ ಸಾಧನೆಯನ್ನು ಬೇರೆಯಾಗಿಯೇ ಹೇಳಬೇಕು. 2017ರ ಬಜೆಟ್ಟಿನಲ್ಲಿ ಘೋಷಣೆಯಾಗಿ ಮರುವರ್ಷ ತರೀಕೆರೆಯಿಂದ ಬೇರೆಯಾದ ತಾಲ್ಲೂಕು. ಕೊನೆಯ ಚುನಾವಣೆ ನಡೆದದ್ದು ಅದು ಹುಟ್ಟುವ ಮುಂಚೆ. ಅಂದರೆ ಅಜ್ಜಂಪುರ ತಾಲ್ಲೂಕಿನವರು ತಮ್ಮದೇ ತಾಲ್ಲೂಕು ಪಂಚಾಯಿತಿಗೆ ಒಂದು ಸಲವೂ ವೋಟು ಹಾಕಿಲ್ಲ. ಇಂಥ ಕನ್ಯಾಭೂಮಿ ತಮಗೆ ದೇಶದಲ್ಲಿ ಎಲ್ಲಿ ಸಿಕ್ಕಿತ್ತು, ಹೇಳಿ? ಅಮೃತಮಹಲ್ ತಳಿ ಉಳಿಸಲು ಇದೇ ಊರಿನಲ್ಲಿ ಸರ್ಕಾರ 1929ರಿಂದ ಒಂದು ಕೇಂದ್ರ ನಡೆಸಿಕೊಂಡು ಬಂದಿದೆ. ತಾಲ್ಲೂಕು ಪಂಚಾಯಿತಿ ಸದಸ್ಯ ಅನ್ನುವ ತಳಿಗೆ ಅಂಥದ್ದೇನೂ ಇನ್ನೂ ಮಂಜೂರಾಗಿಲ್ಲ.

ಆ ತಳಿಯ ಕೊನೆಯ ಗುರುತೊಂದು ಶಿವನಿ ಕಡೆಯ ಹೊಲದಲ್ಲಿ ಸಿಕ್ಕಿತು. ಈರುಳ್ಳಿ ಕಿತ್ತು ರಾಶಿ ಹಾಕಿದ್ದರು, ಮೋಡ ಕಟ್ಟಿತ್ತು, ರಾಶಿಯ ಮೇಲೆ ದೊಡ್ಡದೊಂದು ಫ್ಲೆಕ್ಸ್ ಹೊದಿಸಿ ನಾಲ್ಕೂ ಮೂಲೆಗೆ ಕಲ್ಲು ಇಟ್ಟಿದ್ದರು. 2021ರ ಕರಡು ಪಟ್ಟಿ ನೋಡಿ, ಕ್ಷೇತ್ರ ತಮಗೇ ಬಂತು ಅಂತ ಉತ್ಸಾಹದಿಂದ ಆ ಹೊಲದ ಯಜಮಾನರೇ ಮಾಡಿಸಿದ್ದು. ಬಿಳಿ ಅಂಗಿ, ಮುಗಿದ ಕೈ, ‘ನಿಮ್ಮ ಮನೆ ಮಗ’. ಮೇಲಿನ ಸಾಲಿನಲ್ಲಿ ನಾಯಕರ ತಲೆಗಳು. ಅವರಲ್ಲಿ ಒಬ್ಬರು ಈಗ ಎದುರು ಪಕ್ಷ, ಇನ್ನೊಬ್ಬರು ಹೋಗಿ ವಾಪಸು ಬಂದಿದ್ದಾರೆ. ‘ಎಲೆಕ್ಷನ್ ಬಂದ್ರೆ ಇದನ್ನೇ ತೊಳ್ದು ಕಟ್ತೀರಾ ಅಣ್ಣ?’ ಅಂದೆ. ‘ಬಿಡಿ ಸಾರ್, ಟಾರ್ಪಾಲಿಗಿಂತ ಇದೇ ಗಟ್ಟಿ. ಈರುಳ್ಳಿನಾದ್ರೂ ಕಾಯ್ತೈತೆ,’ ಅಂದರು.

ಸದಸ್ಯರಿಲ್ಲದೆ ಏನು ಮುಳುಗಿ ಹೋಯಿತು ಅಂತ ತಾವು ಕೇಳಬಹುದು. ನಿಜ ಹೇಳಬೇಕೆಂದರೆ ಇದ್ದಾಗಲೂ ದೇವತೆಗಳೇನಲ್ಲ. ಅರ್ಧ ಜನಕ್ಕೆ ಕಾಮಗಾರಿಯ ಮೇಲೇ ಕಣ್ಣು. ಆದರೆ ಬೀರೂರಿನ ಸಂತೆಯಲ್ಲಿ ಟವಲು ಹಿಡಿದು ನಿಲ್ಲಿಸಿ, ‘ಅಂಗನವಾಡಿ ಸೂರು ಸೋರ್ತಾ ಐತೆ, ಸಾಮಾನ್ಯ ಸಭೇಲಿ ಏನಯ್ಯ ಮಾತಾಡ್ದೆ?’ ಅಂತ ಕೇಳಬಹುದಾಗಿದ್ದ ಮನುಷ್ಯ ಅವನೊಬ್ಬನೇ. ಲೋಕಸಭೆಗೆ ಕಡೂರನ್ನು ಹಾಸನಕ್ಕೆ ಸೇರಿಸಿದ್ದಾರೆ, ತರೀಕೆರೆ-ಅಜ್ಜಂಪುರವನ್ನು ಉಡುಪಿಯ ಜತೆ ಕಟ್ಟಿದ್ದಾರೆ. ಎಂಪಿಯನ್ನು ಹುಡುಕಬೇಕಾದರೆ ನಮ್ಮಲ್ಲೊಬ್ಬರು ಹಾಸನದ ಕಡೆ, ಇನ್ನೊಬ್ಬರು ಘಟ್ಟದ ಕೆಳಗೆ ಬಸ್ಸು ಹತ್ತಬೇಕು. ಇನ್ನು ಸೀಟುಗಳಲ್ಲಿ ಅರ್ಧ ಹೆಂಗಸರಿಗೆ ಮೀಸಲು. ಆ ಅರ್ಧದ ಬಗ್ಗೆ ಯಾವ ವೇದಿಕೆಯಲ್ಲೂ ಸೊಲ್ಲಿಲ್ಲ, ಮಹಿಳಾ ದಿನಾಚರಣೆಯಂದು ಕೂಡ.

ಅಧಿಕಾರಿಯ ಕೈಗೆ ಊರನ್ನು ಕೊಟ್ಟು ಕೂರುವುದು ಈ ಸೀಮೆಗೆ ಹೊಸದಲ್ಲ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಅಮಲ್ದಾರರ ಸುಲಿಗೆಯ ವಿರುದ್ಧ ಎದ್ದಾಗ ತರೀಕೆರೆಯ ಪಾಳೇಗಾರರೂ ಕತ್ತಿ ಹಿಡಿದರು. ಅದೇ ನೆಪ ಮಾಡಿ 1831ರಲ್ಲಿ ಕಂಪನಿಯವರು ಮೈಸೂರಿಗೆ ಕಮಿಷನರನ್ನು ತಂದು ಕೂರಿಸಿದರು, ‘ಸದ್ಯಕ್ಕೆ’ ಅಂತ. ಆ ಸದ್ಯ ಮುಗಿದದ್ದು 1881ರಲ್ಲಿ. ಆಮೇಲೆ 1987ರಲ್ಲಿ ನಮ್ಮ ನೀರ್ ಸಾಬರು, ಅಬ್ದುಲ್ ನಜೀರ್ ಸಾಬ್, ದೇಶಕ್ಕೇ ಮಾದರಿಯಾದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಕೊಟ್ಟರು. ಅವುಗಳ ಅವಧಿ 1992ರಲ್ಲಿ ಮುಗಿಯಿತು, ಮತ್ತೆ ಜಿಲ್ಲಾ ಮಟ್ಟದ ಚುನಾವಣೆ ಕಂಡದ್ದು 1995ರಲ್ಲಿ. ಅಭ್ಯಾಸ ಒಳ್ಳೆಯದಿದೆ ನಮಗೆ.

ತಮ್ಮ ಕಾಲದ ದುಂದುವೆಚ್ಚ ನೆನೆದರೆ ಅಯ್ಯೋ ಅನ್ನಿಸುತ್ತದೆ. ನಡುರಾತ್ರಿ ರಾಷ್ಟ್ರಪತಿಗಳ ರುಜು, ಬೆಳಗಾದರೆ ರೇಡಿಯೋದಲ್ಲಿ ಸಾರುವುದು. ಸಂಸದೀಯ ಸಮಿತಿಯ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರನ್ನು ಹಿಡಿದು ಸೆಂಟ್ರಲ್ ಜೈಲಿನಲ್ಲಿ ಅನ್ನ ಹಾಕಿ ಸಾಕುವುದು. ಅದೇ ಜೈಲಿನಲ್ಲಿ ಸ್ನೇಹಲತಾ ರೆಡ್ಡಿಯವರು ಅಸ್ತಮಾದಿಂದ ಉಸಿರಿಗೆ ಒದ್ದಾಡಿ, ಬಿಟ್ಟ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಹೋದರು. ಈ ಸಾಲಿಗೆ ಮಾತ್ರ ನನ್ನ ಹತ್ತಿರ ತಮಾಷೆ ಇಲ್ಲ.

ಈಗ ಯಾರನ್ನೂ ಹಿಡಿಯುವುದಿಲ್ಲ. ಹಿಡಿಯಲು ಯಾರಾದರೂ ಬೀದಿಗೆ ಇಳಿದಿರಬೇಕಲ್ಲ. ಕೇಳಿದವರಿಗೆ ‘ಪ್ರಕ್ರಿಯೆ ಪ್ರಗತಿಯಲ್ಲಿದೆ’ ಅಂತ ಒಂದು ಹಿಂಬರಹ, ಅಷ್ಟೇ.

ಕೊನೆಗೊಂದು ಪ್ರಾರ್ಥನೆ. ಇನ್ನೂ ಮುಂದೆ ಹಾಕಲು ಕಾನೂನಿನಲ್ಲಿ ದಾರಿ ಇಟ್ಟುಕೊಂಡಿದ್ದರೂ 1977ರ ಜನವರಿ 18ರಂದು ತಮ್ಮ ಮನೆಯವರೇ ಚುನಾವಣೆ ಘೋಷಿಸಿದರು, ಮಾರ್ಚಿನಲ್ಲಿ ಸೋತು ಕುರ್ಚಿ ಬಿಟ್ಟು ಎದ್ದು ಹೋದರು. ಈ ಸಂಗತಿಯನ್ನು ವಿಧಾನಸೌಧದ ಕಡೆ ಎಲ್ಲೂ ಬಾಯಿ ಬಿಡಬೇಡಿ. ಸರ್ವಾಧಿಕಾರಿ ಅನ್ನಿಸಿಕೊಂಡವರೇ ವೋಟು ಹಾಕಿಸಿದರು ಅಂತ ಗೊತ್ತಾದರೆ, ಪ್ರಜಾಪ್ರಭುತ್ವವಾದಿಗಳಿಗೆ ಮುಜುಗರವಾಗುತ್ತದೆ.

ಇತಿ ತಮ್ಮ ವಿಧೇಯ,
ತಾಲ್ಲೂಕು ಪಂಚಾಯಿತಿ ಮತದಾರ (ಕಾಯ್ದಿರಿಸಿದೆ)